ಜನ ಹೊರಗೆ ಕಾಯುತ್ತಿರುವಾಗ ಪಾಸ್ಟರ್ ಒಳಗೆ ಒಂದು ತಾಸು ಏನು ಮಾಡುತ್ತಾರೆ?

ಓದುಗರ ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ. ನಮ್ಮ ಸಭೆಯ, ಅಂದರೆ ಚರ್ಚಿನ, ಪಾಸ್ಟರ್ ಗುಳೆ ಹೋದವರ ಪಗಾರ, ರೇಷನ್ ಕಾರ್ಡ್, ಪೊಲೀಸ್ ಠಾಣೆ ಅಂತ ವಾರಪೂರ್ತಿ ಓಡಾಡುತ್ತಾರೆ. ಆದರೂ ದಿನಾ ಬೆಳಿಗ್ಗೆ ಒಂದು ತಾಸು ಬಾಗಿಲು ಹಾಕಿಕೊಂಡು ಪ್ರಾರ್ಥನೆಗೆ ಕೂರುತ್ತಾರೆ. ಆ ತಾಸನ್ನೂ ಜನರಿಗೇ ಕೊಟ್ಟರೆ ಒಳ್ಳೆಯದಲ್ವಾ?

ಉತ್ತರ: ಬೇಡ. ಆ ಒಂದು ತಾಸು ಕಿತ್ತುಕೊಂಡರೆ, ಎರಡು ವರ್ಷದಲ್ಲಿ ಉಳಿದ ತಾಸುಗಳೂ ನಿಮಗೆ ಸಿಗುವುದಿಲ್ಲ.

ಇಂಥ ಕೆಲಸದಲ್ಲಿ ಮನುಷ್ಯ ಸೋಲುವುದು ಓಡಾಟದಿಂದಲ್ಲ. ಓಡಾಡಿಯೂ ಏನೂ ಆಗಲಿಲ್ಲ ಅನ್ನುವುದರಿಂದ. ದೇವದಾಸಿ ಪದ್ಧತಿಗೆ ನಿಷೇಧ ಹೇರಿದ ಕಾನೂನು 1982ರದು. ಬೆಳಗಾವಿ ಜಿಲ್ಲೆಯಲ್ಲಿ ಆ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವವರ ಕೆಲಸ ಇವತ್ತಿಗೂ ಮುಗಿದಿಲ್ಲ. ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ ಹೋದ ಮನೆಗಳಲ್ಲಿ ಅಪ್ಪ ಹಾಕಿದ ಪರಿಹಾರದ ಕೇಸನ್ನು ಮಗ ನಡೆಸುತ್ತಿರುತ್ತಾನೆ. ಕಬ್ಬು ಕಡಿದು ಬಂದವರ ಬಾಕಿ ಕೇಳಲು ಹೋದರೆ, 'ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ, ನಾಳಿ ಬರ್ರಿ.' ಹೀಗೆ ನೂರು ಸಲ ಕೇಳಿಸಿಕೊಂಡ ಮೇಲೂ ನೂರಾ ಒಂದನೇ ಸಲ ಆ ಮೆಟ್ಟಿಲು ಹತ್ತಬೇಕು. ಸಿಟ್ಟೊಂದೇ ಇದ್ದರೆ ಅಷ್ಟು ದೂರ ಬರುವುದಿಲ್ಲ.

ಹಾಗಾದರೆ ಒಳಗೆ ಕೂತು ಏನು ಮಾಡುತ್ತಾರೆ? ಸಭೆಯಿಂದ ಸಭೆಗೆ ಬೇರೆ ಇರುತ್ತದೆ. ಕಥೋಲಿಕ ಫಾದರ್‌ಗಳಿಗೆ ದಿನದ ಬಲಿಪೂಜೆ, ಹೊತ್ತು ಹೊತ್ತಿನ ಕೀರ್ತನೆ ಪ್ರಾರ್ಥನೆ ಇದೆ. ಬೇರೆ ಸಭೆಗಳಲ್ಲಿ ಬೈಬಲ್ ಓದು, ಉಪವಾಸ ಪ್ರಾರ್ಥನೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಜಾಸ್ತಿ ಕೈಹಿಡಿಯುವುದು, ಯಾರೂ ಅಷ್ಟಾಗಿ ಬೋಧಿಸದ ಒಂದು ಪ್ರಾರ್ಥನೆ: ದೇವರ ಮುಂದೆ ಗೋಳು ಹೇಳಿಕೊಳ್ಳುವುದು. ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳೇ. 13ನೇ ಕೀರ್ತನೆ ಶುರುವಾಗುವುದೇ 'ಇನ್ನೆಷ್ಟು ದಿನ' ಅಂತ ನಾಲ್ಕು ಸಲ ಕೇಳಿ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ದೇವರ ಜೊತೆ ಜಗಳ ಆಡುವುದು ಶರಣರ ವಚನ ಓದಿದ ನಮ್ಮ ಕಡೆಯವರಿಗೆ ಹೊಸದೇನಲ್ಲ ಬಿಡಿ.

ನನಗೆ ಗೊತ್ತಿರುವ ಒಬ್ಬ ಪಾಸ್ಟರ್ ಬಳಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ರಟ್ಟು ಕಿತ್ತುಹೋಗಿ ಪ್ಲಾಸ್ಟಿಕ್ ಟೇಪ್ ಹಚ್ಚಿದ್ದಾರೆ. ಎಡಕ್ಕೆ ಹೆಸರು, ತಾಂಡಾ, ಬರಬೇಕಾದ ದುಡ್ಡು. ಬಲಕ್ಕೆ ಖಾಲಿ. ಬೆಳಿಗ್ಗೆ ಒಂದೊಂದೇ ಹೆಸರು ಜೋರಾಗಿ ಓದುತ್ತಾರೆ, ಪ್ರತಿ ಹೆಸರಿನ ಮುಂದೆ ದೇವರಿಗೆ ಒಂದು ದೂರು. 'ಕಚೇರಿಯೊಳಗ ಒದರಬೇಕಾದ್ದನ್ನ ಇಲ್ಲೇ ಒದರಿ ಹೋಗ್ತೀನ್ರಿ, ಅಲ್ಲಿ ಹೋಗಿ ಸಣ್ಣಗ ಮಾತಾಡ್ತೀನಿ' ಅಂದರು. ಬಾಕಿ ಬಂದ ದಿನ ಬಲಗಡೆ ತಾರೀಖು ಬರೆಯುತ್ತಾರೆ. ನಾನು ನೋಡಿದಾಗ ಬಲಗಡೆ ಬಹಳ ಜಾಗ ಖಾಲಿಯೇ ಇತ್ತು.

ಅಮೆರಿಕದಲ್ಲಿ ಕಪ್ಪುಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೂಡ ಪಾಸ್ಟರೇ. 1956ರ ಜನವರಿ ಕೊನೆಯ ಒಂದು ರಾತ್ರಿ, ಬಸ್ಸಿನಲ್ಲಿ ಕಪ್ಪುಜನರಿಗೆ ಮಾಡುತ್ತಿದ್ದ ಭೇದದ ವಿರುದ್ಧ ಮಾಂಟ್ಗಮರಿ ಊರಿನಲ್ಲಿ ನಡೆದ ಬಸ್ ಬಹಿಷ್ಕಾರದ ನಡುವೆ, ಮನೆಗೆ ಬೆದರಿಕೆಯ ಫೋನ್ ಬಂತು. ವಯಸ್ಸು 27. ನಿದ್ದೆ ಹತ್ತಲಿಲ್ಲ. ಅಡುಗೆಮನೆಗೆ ಹೋಗಿ ಕಾಫಿ ಕಾಯಿಸಿ, ಮೇಜಿನ ಮುಂದೆ ಕೂತು, ನನ್ನ ಧೈರ್ಯ ಮುಗಿಯಿತು ಅಂತ ದೇವರಿಗೆ ಬಾಯಿಬಿಟ್ಟು ಹೇಳಿದರು. ಕೆಲವೇ ದಿನದಲ್ಲಿ ಅವರ ಮನೆಗೆ ಬಾಂಬ್ ಬಿತ್ತು. ಆದರೂ ಬಹಿಷ್ಕಾರ ನಿಲ್ಲಲಿಲ್ಲ, ಆ ವರ್ಷದ ಡಿಸೆಂಬರ್‌ವರೆಗೂ ನಡೆಯಿತು.

ಇನ್ನೊಂದು ಅಭ್ಯಾಸ ಜೆಸುಯಿಟ್ ಅನ್ನುವ ಕಥೋಲಿಕ ಸಂಘದ ಫಾದರ್‌ಗಳದು. 16ನೇ ಶತಮಾನದ ಇಗ್ನೇಷಿಯಸ್ ಲೊಯೋಲಾ ಕಲಿಸಿಕೊಟ್ಟದ್ದು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಸ್ವಲ್ಪ ಹೊತ್ತು ಸುಮ್ನೆ ಕೂತು ದಿನವನ್ನು ಹಿಂದಕ್ಕೆ ನೋಡುವುದು. ಮೊದಲು ಥ್ಯಾಂಕ್ಸ್, ಆಮೇಲೆ ತಪ್ಪು. ನ್ಯಾಯದ ಕೆಲಸದವರಿಗೆ ಇದು ಬೇಕೇ ಬೇಕು. ಏಕೆಂದರೆ ಒಂದು ಹಂತದಲ್ಲಿ ಜನರ ಕೇಸು ಮರೆತು ನಮ್ಮ ಹಟ ಶುರುವಾಗುತ್ತದೆ. ಆ ಅಧಿಕಾರಿ ಮೇಲಿನ ಸಿಟ್ಟು ಕೂಲಿಯವರ ಪರವಾಗಿಯೋ, ನನ್ನನ್ನು ಕೂರಿಸದೇ ನಿಲ್ಲಿಸಿದ್ದಕ್ಕೋ? ರಾತ್ರಿ ಒಬ್ಬರೇ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಕೆಲವು ಸಲ ಮುಜುಗರವೂ ಆಗುತ್ತದೆ.

ಮತ್ತೆ ನಿದ್ದೆ. ನಗಬೇಡಿ. ಬೈಬಲಿನಲ್ಲಿ ರಾಜ ಅಹಾಬನನ್ನೇ ಎದುರು ಹಾಕಿಕೊಂಡ ಪ್ರವಾದಿ ಎಲೀಯ, ಸಾಕಾಗಿ, ಅಡವಿಯ ಗಿಡವೊಂದರ ಕೆಳಗೆ ಕೂತು ಸಾವು ಬೇಡಿದ. ಬಂದ ದೇವದೂತ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ ತಿನ್ನಿಸಿದ. ಎಲೀಯ ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ತಿನ್ನಿಸಿದ. ಪಾಸ್ಟರ್‌ಗಳಿಗೆ ಭಾನುವಾರ ರಜೆಯಲ್ಲ, ಹಾಗಾಗಿ ಸಬ್ಬತ್ತನ್ನು, ಅಂದರೆ ವಾರದ ವಿಶ್ರಾಂತಿ ದಿನವನ್ನು, ಬೇರೆ ದಿನ ಇಟ್ಟುಕೊಳ್ಳಬೇಕು. ಹಲವರು ಸೋಮವಾರ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಕಚೇರಿ ಕೆಲಸಕ್ಕೆ ಜನ ಬರುವುದೂ ಸೋಮವಾರವೇ, ಅದೇ ತೊಂದರೆ. ಆ ರಜೆ ಕಾಯಬೇಕಾದವರು ಸಭೆಯವರು, ಪಾಸ್ಟರ್ ಒಬ್ಬರಿಂದ ಆಗುವುದಿಲ್ಲ.

ನಿಮಗೆ ಕಾಯುವವರ ಚಿಂತೆ ಇದೆಯಲ್ಲ, ಅದು ಒಳ್ಳೆಯದೇ. ನಾಳೆ ಬೆಳಿಗ್ಗೆ ನೀವೇ ಒಂದು ಪೆನ್ನು, ಹಾಳೆ ಹಿಡಿದು ಹೊರಗಿನ ಕಟ್ಟೆ ಮೇಲೆ ಕೂತುಕೊಳ್ಳಿ. ಬಂದವರಿಗೆ ಚಹಾ ಕೊಡಿ. ಹೆಸರು, ಊರು, ಯಾವ ಕಚೇರಿ, ಯಾವ ಕಾಗದ ಬೇಕು ಅಂತ ಬರೆದಿಡಿ. ಬಾಗಿಲು ತೆರೆದಾಗ ಹಾಳೆ ಅವರ ಕೈಗೆ ಕೊಡಿ, ಅಲ್ಲಿಯವರೆಗೆ ಬಾಗಿಲು ಬಡಿಯಬೇಡಿ.