ಹದಿನೇಳು ಆಕಾಂಕ್ಷಿಗಳು, ಒಂದೇ ಟಿಕೆಟ್: ಅಮೆರಿಕದ ಪ್ರೈಮರಿಗಳ ಅಧ್ಯಯನ ಟಿಪ್ಪಣಿ

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಎಂದ ಕೂಡಲೇ ನಾವು ನವೆಂಬರ್ ತಿಂಗಳ ಮತದಾನಕ್ಕೆ, ಅಲ್ಲಿಂದ ಅಧ್ಯಕ್ಷರನ್ನು ಅಧಿಕೃತವಾಗಿ ಆರಿಸುವ ಎಲೆಕ್ಟೋರಲ್ ಕಾಲೇಜಿಗೆ ಹಾರಿಬಿಡುತ್ತೇವೆ. ಅದಕ್ಕೂ ಮೊದಲು ಪಕ್ಷಗಳ ಒಳಗೆ ತಿಂಗಳುಗಟ್ಟಲೆ ನಡೆಯುವ ಚುನಾವಣೆಯನ್ನು, ಅಂದರೆ ಪ್ರೈಮರಿಗಳನ್ನು, ಒಂದೆರಡು ಸಾಲಿನಲ್ಲಿ ಓದಿ ಮುಗಿಸುತ್ತೇವೆ. ಆದರೆ ನವೆಂಬರ್‌ನಲ್ಲಿ ಮತದಾರನ ಮುಂದೆ ಯಾವ ಹೆಸರುಗಳು ಇರಬೇಕು ಎಂಬುದು ನಿರ್ಧಾರವಾಗುವುದೇ ಇಲ್ಲಿ. 2016ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ 17 ಮಂದಿ ಪ್ರಮುಖ ಆಕಾಂಕ್ಷಿಗಳಿದ್ದರು. 2020ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಎರಡು ಡಜನ್‌ಗೂ ಹೆಚ್ಚು. ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದ ಮೇಲೆಯೇ ನನಗೆ ಈ ವ್ಯವಸ್ಥೆ ಅರ್ಥವಾಗಿದ್ದು. ಹಾಗಾಗಿ ಟಿಪ್ಪಣಿಯನ್ನೂ ಅದೇ ರೀತಿ ಬರೆದಿದ್ದೇನೆ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸಿ ಬಿ ಫಾರಂ ಕೊಡುತ್ತದೆ. ಅಲ್ಲಿ ಆ ತೀರ್ಮಾನ ರಾಜ್ಯ ರಾಜ್ಯಗಳಲ್ಲಿ ಮತದಾರರ ಕೈಯಲ್ಲಿದೆ. ಆದರೆ ಮತ ನೇರವಾಗಿ ಆಕಾಂಕ್ಷಿಯ ಖಾತೆಗೆ ಸೇರಿ ಕೊನೆಗೆ ಒಟ್ಟು ಎಣಿಕೆಯಾಗುವುದಿಲ್ಲ. ಪ್ರತಿ ರಾಜ್ಯದ ಮತದಿಂದ ಪ್ರತಿನಿಧಿಗಳು, ಅಂದರೆ ಡೆಲಿಗೇಟ್‌ಗಳು, ಹಂಚಿಕೆಯಾಗುತ್ತಾರೆ. ಬೇಸಿಗೆಯಲ್ಲಿ ನಡೆಯುವ ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಆ ಪ್ರತಿನಿಧಿಗಳ ಬಹುಮತ ಪಡೆದವರು ಅಧಿಕೃತ ಅಭ್ಯರ್ಥಿ. 2016ರಲ್ಲಿ ರಿಪಬ್ಲಿಕನ್ನರಿಗೆ 2,472 ಪ್ರತಿನಿಧಿಗಳಲ್ಲಿ 1,237 ಬೇಕಿತ್ತು. 2020ರಲ್ಲಿ ಡೆಮಾಕ್ರಟರಿಗೆ ಮತದಿಂದ ಆಯ್ಕೆಯಾಗುವ 3,979 ಪ್ರತಿನಿಧಿಗಳಲ್ಲಿ 1,991.

ಇದು ಅನಾದಿ ಕಾಲದ ಪದ್ಧತಿಯೇನೂ ಅಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ, ಪಕ್ಷದ ಮುಖಂಡರ ಬಲದಿಂದ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧದ ವಿರುದ್ಧ ಸಿಟ್ಟಿಗೆದ್ದಿದ್ದ ಯುವಕರು ಶಿಕಾಗೋ ಸಮಾವೇಶದ ಹೊರಗೆ ಬೀದಿಗಿಳಿದಿದ್ದರು, ಪೊಲೀಸರ ಲಾಠಿ ಬೀಸಿತು. ಆ ಗಾಯದಿಂದ ಹುಟ್ಟಿದ್ದು ಮೆಕ್‌ಗವರ್ನ್–ಫ್ರೇಸರ್ ಆಯೋಗ. ಅದರ ಸುಧಾರಣೆಗಳ ನಂತರ 1972ರಿಂದ ಪ್ರೈಮರಿಗಳೇ ಮುಖ್ಯ ದಾರಿಯಾದವು. ಆ ವರ್ಷ ಅಭ್ಯರ್ಥಿಯಾದವರು ಆಯೋಗದ ನೇತೃತ್ವ ವಹಿಸಿದ್ದ ಜಾರ್ಜ್ ಮೆಕ್‌ಗವರ್ನ್ ಅವರೇ.

ಮತ ಬೀಳುವ ಮೊದಲೇ ಬೀಳುವ ಜರಡಿ

ಕಣ ತೆಳುವಾಗುವುದು ಮತಪೆಟ್ಟಿಗೆಯಿಂದ ಮಾತ್ರ ಅಂದುಕೊಂಡರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಮೊದಲ ಜರಡಿ ಹಿಂದಿನ ವರ್ಷವೇ ಬೀಳುತ್ತದೆ: ಹಣ, ಸಮೀಕ್ಷೆ, ಟಿ.ವಿ. ಚರ್ಚೆಯ ವೇದಿಕೆ. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ವೇದಿಕೆಯಲ್ಲಿ ಜಾಗ ಸಿಕ್ಕರೆ ಜನರಿಗೆ ಮುಖ ಪರಿಚಯ, ಮುಖ ಪರಿಚಯವಾದರೆ ದೇಣಿಗೆ, ದೇಣಿಗೆ ಬಂದರೆ ಜಾಹೀರಾತು, ಅದರಿಂದ ಸಮೀಕ್ಷೆಯಲ್ಲಿ ಏರಿಕೆ, ಮತ್ತೆ ವೇದಿಕೆ. ಈ ಸುತ್ತಿನಲ್ಲಿ ಎಲ್ಲಿ ಕಡಿದರೂ ಆಕಾಂಕ್ಷಿ ಮುಳುಗಿದಂತೆ.

2015ರ ಆಗಸ್ಟ್ 6ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಮೊದಲ ರಿಪಬ್ಲಿಕನ್ ಚರ್ಚೆಯಲ್ಲಿ ಸಮೀಕ್ಷೆಯ ಮೊದಲ ಹತ್ತು ಮಂದಿಗೆ ಮುಖ್ಯ ವೇದಿಕೆ. ಉಳಿದ ಏಳು ಮಂದಿಗೆ ಅದೇ ದಿನ ಸಂಜೆ ಬೇರೆ ಚರ್ಚೆ. 2019ರಲ್ಲಿ ಡೆಮಾಕ್ರಟಿಕ್ ಪಕ್ಷ ಇನ್ನೊಂದು ಅಳತೆ ತಂದಿತು: ಮೊದಲ ಚರ್ಚೆಗೆ 65,000 ಮಂದಿ ದೇಣಿಗೆದಾರರು ಇರಬೇಕು, ಇಲ್ಲವೇ ಮೂರು ಸಮೀಕ್ಷೆಗಳಲ್ಲಿ ಶೇ 1 ಬೆಂಬಲ. ಮಯಾಮಿಯಲ್ಲಿ ಎರಡು ರಾತ್ರಿ, ಹತ್ತತ್ತು ಮಂದಿಯಂತೆ 20 ಜನ ನಿಂತರು. ಸೆಪ್ಟೆಂಬರ್ ಹೊತ್ತಿಗೆ ಮಿತಿ 1,30,000 ದೇಣಿಗೆದಾರರು ಮತ್ತು ನಾಲ್ಕು ಸಮೀಕ್ಷೆಗಳಲ್ಲಿ ಶೇ 2ಕ್ಕೆ ಏರಿತು. ‘ಇಲ್ಲವೇ’ ಇದ್ದ ಕಡೆ ‘ಮತ್ತು’ ಬಂದದ್ದನ್ನು ಗಮನಿಸಿ. ಹೂಸ್ಟನ್ ವೇದಿಕೆಯಲ್ಲಿ ಉಳಿದವರು ಹತ್ತೇ ಮಂದಿ.

ಕಮಲಾ ಹ್ಯಾರಿಸ್ ಅವರು 2019ರ ಡಿಸೆಂಬರ್ 3ರಂದು, ಒಂದು ಮತವೂ ಬೀಳುವ ಮೊದಲೇ, ಮುಂದುವರಿಯಲು ಹಣವಿಲ್ಲ ಎಂದು ಹೇಳಿ ಹಿಂದೆ ಸರಿದರು. ಹಾಗಾದರೆ ಹಣವಿದ್ದವರೆಲ್ಲ ಗೆಲ್ಲುತ್ತಾರೆಯೇ? ಅದೂ ಇಲ್ಲ. 2016ರ ರಿಪಬ್ಲಿಕನ್ ಆಕಾಂಕ್ಷಿ ಜೆಬ್ ಬುಷ್ ಅವರ ಪರವಾಗಿದ್ದ ಸೂಪರ್ ಪ್ಯಾಕ್ (ಮಿತಿಯಿಲ್ಲದೆ ದೇಣಿಗೆ ಪಡೆಯಬಹುದಾದ ಸ್ವತಂತ್ರ ಸಮಿತಿ) 10 ಕೋಟಿ ಡಾಲರ್‌ಗೂ ಹೆಚ್ಚು ಕೂಡಿಸಿತ್ತು. ಆದರೂ 2016ರ ಫೆಬ್ರವರಿ 20ರ ರಾತ್ರಿ ಅವರ ಪ್ರಚಾರ ಮುಗಿಯಿತು. ಹಣ ಇದ್ದರೆ ಕಣದಲ್ಲಿ ಉಳಿಯಬಹುದು, ಮತದಾರನ ಮನಸ್ಸು ಬೇರೆ ಲೆಕ್ಕ.

ಮೊದಲ ನಾಲ್ಕು ರಾಜ್ಯಗಳು

2020ರಲ್ಲಿ ಮೊದಲು ಅಯೋವಾ, ಆಮೇಲೆ ನ್ಯೂ ಹ್ಯಾಂಪ್‌ಶೈರ್, ನೆವಾಡಾ, ಸೌತ್ ಕೆರೊಲಿನಾ. ಪ್ರತಿನಿಧಿಗಳು ಕ್ರಮವಾಗಿ 41, 24, 36, 54. ಕೂಡಿಸಿದರೆ 155. ಒಟ್ಟು 3,979ರಲ್ಲಿ ಇದು ಶೇ 4ಕ್ಕಿಂತ ಕಡಿಮೆ! ಅಂಕಗಣಿತದಲ್ಲಿ ಇಷ್ಟು ಸಣ್ಣ ತುಂಡು ಕಣದ ಬಹುಭಾಗವನ್ನು ಖಾಲಿ ಮಾಡುತ್ತದೆ. ಯಾಕೆಂದರೆ ಇಲ್ಲಿಯ ಫಲಿತಾಂಶವನ್ನು ಪತ್ರಿಕೆಗಳು, ದೇಣಿಗೆದಾರರು, ಮುಂದಿನ ರಾಜ್ಯದ ಮತದಾರರು ಎಲ್ಲರೂ ನೋಡುತ್ತಿರುತ್ತಾರೆ. 1976ರಲ್ಲಿ ದೇಶಕ್ಕೆ ಅಷ್ಟಾಗಿ ಗೊತ್ತಿಲ್ಲದ ಜಿಮ್ಮಿ ಕಾರ್ಟರ್ ಮೇಲೆ ಬಂದದ್ದು ಅಯೋವಾದಿಂದ. ಆಗ ಅಲ್ಲಿ ಅತಿ ಹೆಚ್ಚು ಬೆಂಬಲ ಪಡೆದದ್ದು ‘ಇನ್ನೂ ಯಾರಿಗೂ ಇಲ್ಲ’ ಎಂಬ ಆಯ್ಕೆ. ಕಾರ್ಟರ್ ಅದರ ನಂತರದವರು. ಹೆಸರಿದ್ದ ಆಕಾಂಕ್ಷಿಗಳಲ್ಲಿ ಮೊದಲಿಗರಾದದ್ದೇ ಅವರಿಗೆ ಸಾಕಾಯಿತು.

ಅಯೋವಾದಲ್ಲಿ ನಡೆಯುತ್ತಿದ್ದ ಡೆಮಾಕ್ರಟಿಕ್ ಕಾಕಸ್ಸನ್ನು, ಅಂದರೆ ಪಕ್ಷದ ಮತದಾರರ ಸ್ಥಳೀಯ ಸಭೆಯನ್ನು, ಸ್ವಲ್ಪ ಹತ್ತಿರದಿಂದ ನೋಡೋಣ, ಕಣ ಕಿರಿದಾಗುವ ಇಡೀ ಕ್ರಿಯೆ ಒಂದೇ ಕೋಣೆಯಲ್ಲಿ ಕಾಣುತ್ತದೆ. ಚಳಿಗಾಲದ ಸಂಜೆ, ಊರಿನ ಶಾಲೆಯ ಸಭಾಂಗಣ. ಗುಪ್ತ ಮತವಿಲ್ಲ. ತಮ್ಮ ಆಕಾಂಕ್ಷಿಯ ಗುಂಪಿನಲ್ಲಿ ಹೋಗಿ ನಿಲ್ಲಬೇಕು, ತಲೆ ಎಣಿಸುತ್ತಾರೆ. ಸಾಮಾನ್ಯವಾಗಿ ಶೇ 15 ಇಲ್ಲದ ಗುಂಪಿಗೆ ಮಾನ್ಯತೆ ಇಲ್ಲ. ಲೆಕ್ಕಕ್ಕೆ 120 ಮಂದಿ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಮಾನ್ಯತೆಗೆ 18 ಬೇಕು. ‘ಅ’ ಗುಂಪಿನಲ್ಲಿ 40, ‘ಆ’ 34, ‘ಇ’ 23, ‘ಈ’ 14, ‘ಉ’ 9. ಮೊದಲ ಮೂರು ಗುಂಪು ಪಾಸಾದವು. ಈಗ ‘ಈ’ ಮತ್ತು ‘ಉ’ ಗುಂಪಿನ 23 ಮಂದಿಗೆ ಎರಡನೇ ಅವಕಾಶ. ‘ಉ’ ಗುಂಪಿನ 9 ಮಂದಿಯೂ ‘ಈ’ ಗುಂಪಿಗೆ ಬಂದರೆ ಅಲ್ಲಿ 23 ಆಗಿ ಅದು ಬದುಕುತ್ತದೆ. ಹಾಗಾಗದೆ ಎರಡೂ ಕಡೆಯವರು ಚದುರಿ ದೊಡ್ಡ ಗುಂಪುಗಳಿಗೆ ಸೇರಿದರೆ ಇಬ್ಬರು ಆಕಾಂಕ್ಷಿಗಳೂ ಆ ಕೋಣೆಯಲ್ಲಿ ಇಲ್ಲವಾಗುತ್ತಾರೆ. ಅಕ್ಕಪಕ್ಕದ ಮನೆಯವರು ‘ನಮ್ಮ ಕಡೆ ಬನ್ನಿ’ ಎಂದು ಕರೆಯುವುದು ಆ ಎರಡನೇ ಸುತ್ತಿನಲ್ಲೇ.

ಪ್ರೈಮರಿಯಲ್ಲಿ ಈ ಎರಡನೇ ಸುತ್ತು ಇಲ್ಲ. ಮತಗಟ್ಟೆಗೆ ಹೋಗಿ ಗುಪ್ತವಾಗಿ ಮತ ಹಾಕಿ ಬರುವುದಷ್ಟೇ. ಆದರೆ ಶೇ 15ರ ಗೆರೆ ಡೆಮಾಕ್ರಟಿಕ್ ಪಕ್ಷದಲ್ಲಿ ಅಲ್ಲಿಯೂ ಇದೆ. 2020ರ ನ್ಯೂ ಹ್ಯಾಂಪ್‌ಶೈರ್ ಇದಕ್ಕೆ ಒಳ್ಳೆಯ ಉದಾಹರಣೆ. ಬರ್ನಿ ಸ್ಯಾಂಡರ್ಸ್ ಶೇ 25.6, ಪೀಟ್ ಬುಟಿಜಜ್ ಶೇ 24.3, ಏಮಿ ಕ್ಲೋಬುಚಾರ್ ಶೇ 19.7. ಪ್ರತಿನಿಧಿಗಳು 9, 9, 6. ಅಲ್ಲಿಗೆ 24 ಮುಗಿಯಿತು. ಶೇ 9ರಷ್ಟು ಪಡೆದ ಎಲಿಜಬೆತ್ ವಾರನ್, ಶೇ 8ರಷ್ಟು ಪಡೆದ ಜೋ ಬೈಡನ್ ಇಬ್ಬರಿಗೂ ಸೊನ್ನೆ. ಮತದಾರರಲ್ಲಿ ಹತ್ತರಲ್ಲಿ ಮೂವರ ಮತ ಪ್ರತಿನಿಧಿಗಳ ಲೆಕ್ಕಕ್ಕೇ ಬರಲಿಲ್ಲ.

ಒಂದೇ ರಾಜ್ಯ, ಎರಡು ನಿಯಮ

ಈಗ ರಿಪಬ್ಲಿಕನ್ ಕಡೆ ಬನ್ನಿ. 2016ರ ಸೌತ್ ಕೆರೊಲಿನಾದಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಬಂದದ್ದು ಶೇ 32.5. ಮಾರ್ಕೊ ರುಬಿಯೊ, ಟೆಡ್ ಕ್ರೂಜ್ ತಲಾ ಶೇ 22ರ ಆಸುಪಾಸು. ಇದ್ದ 50 ಪ್ರತಿನಿಧಿಗಳಲ್ಲಿ ಐವತ್ತೂ ಟ್ರಂಪ್ ಪಾಲಾದರು. ಅಲ್ಲಿ ರಾಜ್ಯದಲ್ಲಿ ಮತ್ತು ಪ್ರತಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ಮೊದಲು ಬಂದವರಿಗೇ ಎಲ್ಲ. ಅದೇ ರಾಜ್ಯದಲ್ಲಿ 2020ರಲ್ಲಿ ಬೈಡನ್ ಶೇ 48.6 ಪಡೆದರೂ ಅವರಿಗೆ ಸಿಕ್ಕಿದ್ದು 54ರಲ್ಲಿ 39. ಉಳಿದ 15 ಸ್ಯಾಂಡರ್ಸ್ ಅವರಿಗೆ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ‘ಗೆದ್ದವರಿಗೆ ಎಲ್ಲ’ ಮತ್ತು ‘ಅನುಪಾತದ ಹಂಚಿಕೆ’ ಎಂಬ ವ್ಯತ್ಯಾಸವನ್ನು ಉರುಹೊಡೆಯಬೇಕಿಲ್ಲ.

ಗೆದ್ದವರಿಗೆ ಎಲ್ಲ ಎಂಬ ಕಡೆ ವಿರೋಧಿ ಮತ ಒಡೆದಷ್ಟೂ ಮುಂದಿರುವವರಿಗೆ ಲಾಭ. 2015ರ ಸೆಪ್ಟೆಂಬರ್‌ನಲ್ಲಿ ಕಣ ಬಿಟ್ಟ ಸ್ಕಾಟ್ ವಾಕರ್ ಇದನ್ನು ಬಹಿರಂಗವಾಗಿಯೇ ಹೇಳಿದ್ದರು. ಮುಂಚೂಣಿಯಲ್ಲಿರುವವರಿಗೆ ಪರ್ಯಾಯ ಬೇಕಾದರೆ ಇನ್ನಷ್ಟು ಮಂದಿ ತನ್ನಂತೆ ಹಿಂದೆ ಸರಿಯಲಿ ಎಂಬುದು ಅವರ ಕರೆ. ಯಾರೂ ಕಿವಿಗೊಡಲಿಲ್ಲ. ಪ್ರತಿಯೊಬ್ಬರೂ ಪಕ್ಕದವನು ಮೊದಲು ಹೋಗಲಿ ಎಂದು ಕಾದರು. 2016ರ ಏಪ್ರಿಲ್ 19ರ ನ್ಯೂಯಾರ್ಕ್‌ವರೆಗೆ ಟ್ರಂಪ್ ಒಂದು ರಾಜ್ಯದಲ್ಲೂ ಅರ್ಧಕ್ಕಿಂತ ಹೆಚ್ಚು ಮತ ಪಡೆದಿರಲಿಲ್ಲ. ಅಷ್ಟರೊಳಗೆ ಫ್ಲಾರಿಡಾದ 99 ಪ್ರತಿನಿಧಿಗಳನ್ನೂ ಒಟ್ಟಿಗೆ ಗೆದ್ದಾಗಿತ್ತು, ರುಬಿಯೊ ತಮ್ಮ ಸ್ವಂತ ರಾಜ್ಯದಲ್ಲೇ ಸೋತು ಮನೆಗೆ ಹೋಗಿದ್ದರು. ಮೇ 3ರಂದು ಇಂಡಿಯಾನಾ ಫಲಿತಾಂಶದ ರಾತ್ರಿ ಕ್ರೂಜ್, ಮರುದಿನ ಜಾನ್ ಕೇಸಿಕ್ ಕಣ ಬಿಟ್ಟರು. ವಿರೋಧ ಒಂದಾಗಿದ್ದರೆ ಟ್ರಂಪ್ ಸೋಲುತ್ತಿದ್ದರು ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. ಬುಷ್‌ಗೆ ಮತ ಹಾಕಿದವರೆಲ್ಲ ರುಬಿಯೊಗೆ ಹಾಕುತ್ತಿದ್ದರು ಎಂಬುದಕ್ಕೆ ಆಧಾರವಿಲ್ಲ. ಒಡೆದ ಕಣದಲ್ಲಿ ಮೂರನೇ ಒಂದು ಭಾಗದ ಮತ ದೊಡ್ಡ ಮುನ್ನಡೆಯಾಯಿತು ಎಂಬಷ್ಟನ್ನು ಧೈರ್ಯವಾಗಿ ಬರೆಯಬಹುದು.

ಮೂರು ದಿನ

2020ರಲ್ಲಿ ಇದಕ್ಕೆ ತದ್ವಿರುದ್ಧ ನಡೆಯಿತು. ನಾನು ಅತಿ ಹೆಚ್ಚು ಸಲ ಓದಿದ ಭಾಗ ಇದು. ಅಯೋವಾದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾಗಿ ಬಂದಿದ್ದ ಬೈಡನ್ ಕಥೆ ಮುಗಿಯಿತು ಎಂದೇ ಹಲವರು ಬರೆದಿದ್ದರು. ಫೆಬ್ರವರಿ 26ರಂದು ಸೌತ್ ಕೆರೊಲಿನಾದ ಹಿರಿಯ ಕಪ್ಪು ನಾಯಕ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಘೋಷಿಸಿದರು. 29ರಂದು ಭಾರಿ ಗೆಲುವು. ಮಾರ್ಚ್ 1ರಂದು ಬುಟಿಜಜ್ ಹಿಂದೆ ಸರಿದರು. 2ರಂದು ಕ್ಲೋಬುಚಾರ್. ಅದೇ ಸಂಜೆ ಡಲ್ಲಾಸ್‌ನಲ್ಲಿ ಇಬ್ಬರೂ ಬೈಡನ್ ಪರ ನಿಂತರು. 3ರಂದು ಸೂಪರ್ ಟ್ಯೂಸ್‌ಡೇ: ಒಂದೇ ದಿನ 14 ರಾಜ್ಯಗಳಲ್ಲಿ ಮತದಾನ, ಒಟ್ಟು ಪ್ರತಿನಿಧಿಗಳಲ್ಲಿ ಸುಮಾರು ಮೂರನೇ ಒಂದು ಭಾಗ. ಬೈಡನ್ 10 ರಾಜ್ಯ ಗೆದ್ದರು. ಕ್ಲೋಬುಚಾರ್ ಅವರ ಮಿನ್ನೆಸೋಟಾ ಬೈಡನ್‌ಗೆ ಬಂತು. ವಾರನ್ ತಮ್ಮದೇ ಮ್ಯಾಸಚೂಸೆಟ್ಸ್‌ನಲ್ಲಿ ಮೂರನೆಯವರಾದರು. ಜಾಹೀರಾತಿಗೆ ನೀರಿನಂತೆ ಹಣ ಸುರಿದ ಮೈಕೆಲ್ ಬ್ಲೂಮ್‌ಬರ್ಗ್ ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ದ್ವೀಪ ಪ್ರದೇಶವನ್ನು ಮಾತ್ರ. 4ರಂದು ಅವರು, 5ರಂದು ವಾರನ್ ಕಣ ಬಿಟ್ಟರು. ಏಪ್ರಿಲ್ 8ರಂದು ಸ್ಯಾಂಡರ್ಸ್.

ಇದರಲ್ಲಿ ಒಂದು ಸಂಕಟವೂ ಇದೆ. ಹಲವು ರಾಜ್ಯಗಳಲ್ಲಿ ಮುಂಗಡ ಮತದಾನ ಇರುವುದರಿಂದ, ಬುಟಿಜಜ್ ಮತ್ತು ಕ್ಲೋಬುಚಾರ್ ಅವರಿಗೆ ಆಗಲೇ ಮತ ಹಾಕಿ ಬಂದವರಿದ್ದರು. ಕಣದಲ್ಲಿಲ್ಲದವರಿಗೆ ಬಿದ್ದ ಮತ ಅದು. ಈ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ ಎಂದರೆ ನನಗೆ ಇದೇ. ಮೊದಲು ಮತ ಹಾಕಿದವರಿಗೆ ಹತ್ತಾರು ಆಯ್ಕೆ, ಏಪ್ರಿಲ್ ನಂತರದ ರಾಜ್ಯಗಳಿಗೆ ಉಳಿಯುವುದು ಆಗಲೇ ತೀರ್ಮಾನವಾದ ಹೆಸರು.

ಸುದ್ದಿ ಓದುವಾಗ ಗಮನಿಸಿ, ಹೆಚ್ಚಿನವರು ‘ಸ್ಪರ್ಧೆ ಬಿಟ್ಟೆ’ ಎನ್ನುವುದಿಲ್ಲ, ‘ಪ್ರಚಾರ ಸ್ಥಗಿತಗೊಳಿಸಿದ್ದೇನೆ’ ಎನ್ನುತ್ತಾರೆ. ಪ್ರಚಾರದ ಸಾಲ ತೀರಿಸಲು ದೇಣಿಗೆ ಪಡೆಯುವ ದಾರಿ ತೆರೆದಿರುತ್ತದೆ.

ಯಾವ ರಾಜ್ಯ ಮೊದಲು ಎಂಬುದೇ ಇಷ್ಟು ದೊಡ್ಡ ಅಧಿಕಾರವಾದ್ದರಿಂದ ಅದಕ್ಕಾಗಿಯೇ ಜಗಳವಿದೆ. 2024ಕ್ಕೆ ಡೆಮಾಕ್ರಟಿಕ್ ಪಕ್ಷ ಅಯೋವಾವನ್ನು ಬದಿಗಿಟ್ಟು, ಫೆಬ್ರವರಿ 3ರ ಸೌತ್ ಕೆರೊಲಿನಾವನ್ನು ಮೊದಲ ಸ್ಥಾನಕ್ಕೆ ತಂದಿತು. ನ್ಯೂ ಹ್ಯಾಂಪ್‌ಶೈರ್ ಒಪ್ಪಲಿಲ್ಲ, ತನ್ನ ಪ್ರೈಮರಿಯೇ ಮೊದಲಾಗಬೇಕೆಂಬ ಕಾನೂನು ಆ ರಾಜ್ಯದಲ್ಲಿದೆ. ಜನವರಿ 23ಕ್ಕೇ ಮತದಾನ ನಡೆಸಿತು. ಬೈಡನ್ ಹೆಸರು ಮತಪತ್ರದಲ್ಲಿ ಇರಲಿಲ್ಲ. ಬೆಂಬಲಿಗರು ಖಾಲಿ ಜಾಗದಲ್ಲಿ ಅವರ ಹೆಸರನ್ನು ಕೈಯಿಂದಲೇ ಬರೆದು ಗೆಲ್ಲಿಸಿದರು.