ಹಲ್ಲು ಕೀಳಿಸಿದ ಮೇಲೂ ವಸಡು ನೋವು: ಇನ್ನೊಂದು ಕೋರ್ಸ್ ಆಂಟಿಬಯೋಟಿಕ್ ಬೇಕಾ?

ಪ್ರಶ್ನೆ: ಐದು ದಿನದ ಹಿಂದೆ ಕೆಳಗಿನ ದವಡೆ ಹಲ್ಲು ಕೀಳಿಸಿದೆ. ಮೊದಲೆರಡು ದಿನ ಪರವಾಗಿಲ್ಲ ಅನ್ನಿಸಿತ್ತು. ಮೂರನೇ ದಿನದಿಂದ ನೋವು ಕಿವಿವರೆಗೂ ಹೋಗುತ್ತಿದೆ, ಬಾಯಿ ವಾಸನೆ ಬೇರೆ. ಕೊಟ್ಟಿದ್ದ ಆಂಟಿಬಯೋಟಿಕ್ ಪೂರ್ತಿ ಮುಗಿಸಿದೆ. ಮೆಡಿಕಲ್ ಶಾಪಿನವರು "ಇದಕ್ಕಿಂತ ಸ್ಟ್ರಾಂಗ್ ಇದೆ, ಕೊಡ್ಲಾ?" ಅಂತಿದ್ದಾರೆ. ತಗೊಳ್ಳಬಹುದಾ?

ಬೇಡ. ಹಲ್ಲು ಕಿತ್ತ ಡಾಕ್ಟರ ಹತ್ತಿರವೇ ವಾಪಸ್ ಹೋಗಿ, ಸಾಧ್ಯವಾದರೆ ಇವತ್ತೇ. ನೀವು ಹೇಳುತ್ತಿರುವುದನ್ನು ನೋಡಿದರೆ ಅದು ಇನ್‌ಫೆಕ್ಷನ್ ಆಗಿರದೆಯೂ ಇರಬಹುದು. ಇನ್‌ಫೆಕ್ಷನ್ನೇ ಆಗಿದ್ದರೂ ಬರೀ ಮಾತ್ರೆಗೆ ಬಗ್ಗುವಂಥದ್ದಲ್ಲ. ಎರಡರಲ್ಲಿ ಯಾವುದಾದರೂ ಸರಿ, ಬಾಯಿ ತೆರೆಸಿ ಒಳಗೆ ಕೆಲಸ ಮಾಡಲೇಬೇಕು.

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ರೂಟ್ ಕೆನಾಲ್ ಆದ ಮೇಲೆ ನೋವು, ಕ್ಯಾಪ್ ಕೂರಿಸಿದ ಮೇಲೆ ನೋವು, ಕ್ಲೀನಿಂಗ್ ಮಾಡಿಸಿದ ಮೇಲೆ ಬಾವು. ಕೊನೆಗೆ ಎಲ್ಲರೂ ಕೇಳುವುದು ಮಾತ್ರೆಯ ಹೆಸರನ್ನೇ. ಆದರೆ ಈ ನೋವುಗಳಲ್ಲಿ ಮುಕ್ಕಾಲು ಪಾಲು ಮಾತ್ರೆಯ ಸಮಸ್ಯೆಯೇ ಅಲ್ಲ.

ಮೊದಲು ನಿಮ್ಮ ಹಲ್ಲಿನ ವಿಷಯಕ್ಕೆ ಬರೋಣ. ಹಲ್ಲು ಕಿತ್ತಾಗ ದವಡೆ ಮೂಳೆಯಲ್ಲಿ ಒಂದು ಗುಳಿ ಉಳಿಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಗುಳಿಯನ್ನು ಮುಚ್ಚುತ್ತದೆ. ಆ ಹೆಪ್ಪಿನ ಮರೆಯಲ್ಲೇ ಹೊಸ ಮಾಂಸ ಬೆಳೆದು ಗಾಯ ಮಾಯುತ್ತದೆ. ಕೆಲವರಿಗೆ ಈ ಹೆಪ್ಪು ಬೇಗ ಕರಗಿಬಿಡುತ್ತದೆ, ಇಲ್ಲವೇ ಕಿತ್ತು ಬರುತ್ತದೆ. ಆಗ ಒಳಗಿನ ಮೂಳೆ ಬತ್ತಲಾಗುತ್ತದೆ. ಗಾಳಿ ತಾಗಿದರೂ ನೋವು, ನೀರು ತಾಗಿದರೂ ನೋವು, ಒಂದು ಅಗುಳು ಅನ್ನ ಹೋಗಿ ಕೂತರಂತೂ ಕೇಳಲೇಬೇಡಿ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಮಾಮೂಲಿಯಾಗಿ ಹಲ್ಲು ಕೀಳಿಸಿಕೊಂಡ ನೂರು ಜನರಲ್ಲಿ ಸುಮಾರು ಒಬ್ಬರಿಂದ ಐದು ಜನಕ್ಕೆ ಹೀಗಾಗುತ್ತದೆ. ಕೆಳಗಿನ ದವಡೆಯಲ್ಲಿ ಜಾಸ್ತಿ, ಮೂಳೆಯೊಳಗೆ ಹುದುಗಿದ ವಿಸ್ಡಮ್ ಟೂತ್ ಕತ್ತರಿಸಿ ತೆಗೆದಿದ್ದರೆ ಇನ್ನೂ ಜಾಸ್ತಿ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಿಗೂ ಹೆಚ್ಚು.

ಇದನ್ನು ಗುರುತಿಸಲು ದಿನ ಎಣಿಸಿದರೆ ಸಾಕಷ್ಟು ಸುಳಿವು ಸಿಗುತ್ತದೆ. ಸಾಮಾನ್ಯ ಗಾಯದ ನೋವು ಮೊದಲ ದಿನ ಜಾಸ್ತಿ ಇದ್ದು ದಿನ ಕಳೆದಂತೆ ಇಳಿಯುತ್ತದೆ. ಡ್ರೈ ಸಾಕೆಟ್ ಉಲ್ಟಾ. ಎರಡು, ಮೂರು ದಿನ ಸುಮ್ಮನಿದ್ದು ಆಮೇಲೆ ಶುರುವಾಗುತ್ತದೆ. ನೋವು ಕಿವಿಗೆ, ಕೆನ್ನೆಯ ಪಕ್ಕದ ತಲೆಗೆ ಎಳೆಯುತ್ತದೆ. ವಾಸನೆ ಇರುತ್ತದೆ, ಆದರೆ ಸಾಮಾನ್ಯವಾಗಿ ಕೀವು ಇರುವುದಿಲ್ಲ, ಜ್ವರ ಇರುವುದಿಲ್ಲ, ಕೆನ್ನೆ ಊದಿರುವುದಿಲ್ಲ. ನಿಮ್ಮದು ಬಹುತೇಕ ಹೀಗೇ ಇದೆ, ಅಲ್ವಾ?

ಇದಕ್ಕೆ ಚಿಕಿತ್ಸೆ ಅಗ್ಗ, ಕೆಲಸವೂ ಹತ್ತು ನಿಮಿಷದ್ದು. ಗುಳಿಯನ್ನು ಸಲೈನ್‌ನಿಂದ ತೊಳೆದು, ಸಿಕ್ಕಿಕೊಂಡ ಆಹಾರ ತೆಗೆದು, ಒಳಗೆ ಔಷಧಿ ಹಚ್ಚಿದ ಡ್ರೆಸ್ಸಿಂಗ್ ತುರುಕುತ್ತಾರೆ. ಅದರಲ್ಲಿ ಹೆಚ್ಚಾಗಿ ಇರುವುದು ಯೂಜಿನಾಲ್, ಅಂದರೆ ಲವಂಗದ ಎಣ್ಣೆಯ ಸಾರ. ಅಜ್ಜಿ ಹಲ್ಲುನೋವಿಗೆ ಲವಂಗ ಕಚ್ಚಿಕೋ ಅಂದದ್ದು ಸುಮ್ನೆ ಅಲ್ಲ. ಡ್ರೆಸ್ಸಿಂಗ್ ಕೂತ ಸ್ವಲ್ಪ ಹೊತ್ತಿನಲ್ಲೇ ನೋವು ಇಳಿಯುವುದನ್ನು ನೀವೇ ನೋಡುತ್ತೀರಿ. ನೋವಿಗೆ ತಕ್ಕಂತೆ ಒಂದೆರಡು ದಿನಕ್ಕೊಮ್ಮೆ ಬದಲಿಸುತ್ತಾರೆ. ಆಂಟಿಬಯೋಟಿಕ್ ಇಲ್ಲಿ ಏನೂ ಮಾಡುವುದಿಲ್ಲ. ಹಾಗಂತ ಮನೆಯಲ್ಲೇ ಶುದ್ಧ ಲವಂಗದ ಎಣ್ಣೆ ಸುರಿದುಕೊಳ್ಳಬೇಡಿ, ವಸಡು ಸುಟ್ಟು ಬಿಳಿಯಾಗುತ್ತದೆ. ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿಟ್ಟುಕೊಳ್ಳುವವರೂ ಇದ್ದಾರೆ. ಅದೂ ಹೀಗೇ ಸುಡುತ್ತದೆ.

ಈಗ ನಿಜವಾದ ಇನ್‌ಫೆಕ್ಷನ್ ಬಗ್ಗೆ. ಎದೆ ಬಡಿತದ ಜೊತೆಗೇ ಬಡಿಯುವ ಹಾಗೆ ಕುಟುಕುವ ನೋವು, ಊದಿದ ಕೆನ್ನೆ ಅಥವಾ ವಸಡು, ಬಾಯಿಗೆ ಬರುವ ಉಪ್ಪುಪ್ಪು ಕಹಿ ರುಚಿ, ಮೈ ಬಿಸಿ. ಇಲ್ಲಿ ಕೀವು ಕಟ್ಟಿದೆ ಅಂತ ಅರ್ಥ. ಕೀವಿನ ಚೀಲಕ್ಕೆ ರಕ್ತನಾಳ ಇರುವುದಿಲ್ಲ. ಸತ್ತುಹೋದ ಹಲ್ಲಿನ ತಿರುಳಿಗೂ ಇರುವುದಿಲ್ಲ. ನೀವು ನುಂಗಿದ ಮಾತ್ರೆ ರಕ್ತದ ಜೊತೆಗೇ ತಾನೇ ಓಡಾಡುವುದು? ರಕ್ತ ಹೋಗದ ಕಡೆ ಅದು ಹೇಗೆ ಹೋಗುತ್ತದೆ? ಸುತ್ತಲಿನ ಬಾವು ಸ್ವಲ್ಪ ಇಳಿಯುತ್ತದೆ, ನೋವು ನಾಲ್ಕು ದಿನ ತಣ್ಣಗಾಗುತ್ತದೆ. ಕೋರ್ಸ್ ಮುಗಿದ ಮೇಲೆ ಮತ್ತೆ ಎದ್ದು ಕೂರುತ್ತದೆ. "ಮಾತ್ರೆ ತಗೊಂಡಾಗ ಹೋಗುತ್ತೆ, ಬಿಟ್ಟರೆ ಬರುತ್ತೆ" ಅನ್ನುವವರ ಕಥೆಯೆಲ್ಲ ಇದೇ.

ಹಾಗಾಗಿ ಸರಿಯಾದ ಚಿಕಿತ್ಸೆ ಅಂದರೆ ಕೀವಿಗೆ ದಾರಿ ಮಾಡಿಕೊಡುವುದು. ವಸಡಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸಣ್ಣದಾಗಿ ಕೊಯ್ದು ಕೀವು ಬಿಡಬಹುದು. ಹಲ್ಲು ಕೊರೆದು ಒಳಗಿನ ಕಾಲುವೆಯಿಂದ ಬಿಡಬಹುದು. ಕಿತ್ತ ಜಾಗದಲ್ಲಿ ಬೇರಿನ ಚೂರು ಅಥವಾ ಮೂಳೆ ಚೂರು ಉಳಿದಿದ್ದರೆ ತೆಗೆಯಬೇಕು. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹಲ್ಲಿನ ತಿರುಳಿನಿಂದ ಬಂದ ನೋವು, ಊತಕ್ಕೆ ಬೇರೆ ಕಾಯಿಲೆ ಇಲ್ಲದ ದೊಡ್ಡವರಲ್ಲಿ ಮೊದಲು ಹಲ್ಲಿನ ಕೆಲಸ ಮಾಡಿ, ಆಂಟಿಬಯೋಟಿಕ್ ಹೆಚ್ಚಿನವರಿಗೆ ಬೇಕಾಗಿಲ್ಲ ಅಂತ.

ಹಾಗಾದರೆ ಆಂಟಿಬಯೋಟಿಕ್ ಬೇಕೇ ಬೇಡವಾ? ಬೇಕು, ಕೆಲವು ಸಲ ತುಂಬಾ ಬೇಕು. ಜ್ವರ ಬಂದಿದ್ದರೆ, ಊತ ಹಬ್ಬುತ್ತಿದ್ದರೆ, ಬಾಯಿ ಅಗಲಿಸಲು ಆಗದಿದ್ದರೆ, ಕತ್ತಿನ ಗ್ರಂಥಿ ಗಡ್ಡೆ ಕಟ್ಟಿದ್ದರೆ ಡಾಕ್ಟರು ಬರೆದೇ ಬರೆಯುತ್ತಾರೆ. ಸಾಮಾನ್ಯವಾಗಿ ಅಮಾಕ್ಸಿಸಿಲಿನ್, ಕೆಲವೊಮ್ಮೆ ಜೊತೆಗೆ ಮೆಟ್ರೊನಿಡಜೋಲ್. ಮೆಟ್ರೊನಿಡಜೋಲ್ ತಗೊಳ್ಳುವಾಗ ಮದ್ಯ ಕುಡಿಯಬಾರದು. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಅದನ್ನು ಮೊದಲೇ ಹೇಳಬೇಕು, ಇವೆರಡೂ ಸೇರಿದರೆ ರಕ್ತಸ್ರಾವದ ಭಯ. ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಈ ಮಾತ್ರೆ ಪಟ್ಟಿಗಳ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ನೋಡಿದ್ದೀರಾ? ಚೀಟಿ ಇಲ್ಲದೆ ಕೊಡಬಾರದು ಅಂತ ಅದರರ್ಥ. ಮೆಡಿಕಲ್ ಶಾಪಿನವರ ಒಳ್ಳೆಯತನವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರು ನಿಮ್ಮ ಬಾಯೊಳಗೆ ನೋಡಿಲ್ಲ.

ಕೀಳಿಸುವುದಷ್ಟೇ ಅಲ್ಲ, ಬೇರೆ ಕೆಲಸಗಳ ನಂತರದ ನೋವಿಗೂ ಅದರದ್ದೇ ಕಾರಣ ಇರುತ್ತದೆ. ರೂಟ್ ಕೆನಾಲ್ ಶುರು ಮಾಡಿದ ಒಂದೆರಡು ದಿನದಲ್ಲಿ ಜೋರು ನೋವು ಬಂದರೆ, ಒಳಗಿನ ಕೊಳೆ ಬೇರಿನ ತುದಿಯಿಂದಾಚೆಗೆ ತಳ್ಳಲ್ಪಟ್ಟಿರಬಹುದು. ಅಥವಾ ತುಂಬಿದ ಫಿಲ್ಲಿಂಗ್ ಸ್ವಲ್ಪ ಎತ್ತರವಾಗಿ, ಕಚ್ಚಿದಾಗೆಲ್ಲ ಅದೇ ಹಲ್ಲಿಗೆ ಮೊದಲು ಪೆಟ್ಟು ಬೀಳುತ್ತಿರಬಹುದು. ತಿಂಗಳು, ವರ್ಷ ಕಳೆದು ವಸಡಿನ ಮೇಲೆ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದ್ದರೆ ಒಳಗೆಲ್ಲೋ ಒಂದು ಕಾಲುವೆ ಬಿಟ್ಟುಹೋಗಿದೆಯಾ ಅಂತ ನೋಡಬೇಕು. ಮೇಲಿನ ದವಡೆಯ ಮೊದಲ ದೊಡ್ಡ ಹಲ್ಲಿಗೆ ಬೇರು ಮೂರಾದರೂ ಕಾಲುವೆ ಎಷ್ಟೋ ಸಲ ನಾಲ್ಕಿರುತ್ತದೆ. ಆ ನಾಲ್ಕನೆಯದು ಕೂದಲೆಳೆಯಷ್ಟು ಸಣ್ಣದು, ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವುದೂ ಅದೇ. ಗುಳ್ಳೆಯಲ್ಲಿ ನೋವಿಲ್ಲ ಅಂತ ಬಿಟ್ಟುಬಿಡಬೇಡಿ. ಕೀವು ಹೊರಗೆ ಹೋಗುತ್ತಿರುವುದರಿಂದ ನೋವಿಲ್ಲ, ಅಷ್ಟೇ.

ಕ್ಲೀನಿಂಗ್ ಆದ ಮೇಲೆ ಬಾವು ಬಂದರೆ ಜನ ಕ್ಲೀನಿಂಗ್ ಅನ್ನೇ ಬಯ್ಯುತ್ತಾರೆ. ಸಾಮಾನ್ಯವಾಗಿ ಆಗುವುದು ಇಷ್ಟು: ಮೇಲಿನ ಪಾಚಿ ತೆಗೆದಾಗ ವಸಡು ಬಿಗಿಯಾಗಿ ಹಲ್ಲಿನ ಸುತ್ತ ಮುಚ್ಚಿಕೊಳ್ಳುತ್ತದೆ. ಆಳದಲ್ಲಿ ಪಾಚಿ ಉಳಿದಿದ್ದರೆ ಅದು ಒಳಗೇ ಬಂದಿಯಾಗಿ ಕೀವಾಗುತ್ತದೆ. ಪರಿಹಾರ ಇನ್ನೂ ಆಳವಾದ ಕ್ಲೀನಿಂಗ್.

ನನ್ನದೇ ಒಂದು ಕಥೆ ಇದೆ. ಕ್ಯಾಪ್ ಕೂರಿಸಿಕೊಂಡು ಮೂರು ತಿಂಗಳು ಆ ಹಲ್ಲಿನ ಸುತ್ತ ವಸಡು ಕೆಂಪಗೆ, ಬ್ರಷ್ ತಾಗಿದರೆ ರಕ್ತ. ಎರಡು ಸಲ ಹೋದೆ, ಎರಡು ಸಲವೂ ಮಾತ್ರೆ ಕೊಟ್ಟು ಕಳಿಸಿದರು. ಮೂರನೇ ಸಲ ಬೇರೆ ಕಡೆ ತೋರಿಸಿದೆ. ಅಲ್ಲಿದ್ದ ಡಾಕ್ಟರಮ್ಮ ಸಣ್ಣ ಕೊಕ್ಕೆಯಂಥ ಉಪಕರಣ ತಗೊಂಡು ವಸಡಿನ ಅಡಿ ಕೆರೆದರು. ಅಕ್ಕಿ ನುಚ್ಚಿನಷ್ಟು ಬಿಳಿ ಚೂರು ಹೊರಗೆ ಬಂತು. ಕ್ಯಾಪ್ ಅಂಟಿಸುವ ಸಿಮೆಂಟ್! ವಾರದಲ್ಲಿ ವಸಡು ಮಾಮೂಲಿ ಬಣ್ಣಕ್ಕೆ ಬಂತು. ಹದಿನೈದು ದಿನದ ಆಂಟಿಬಯೋಟಿಕ್ ಮಾಡದ ಕೆಲಸವನ್ನು ಕೊಕ್ಕೆ ಎರಡು ನಿಮಿಷದಲ್ಲಿ ಮಾಡಿತ್ತು. ಆ ಸಿಟ್ಟು ಈ ಬರಹದಲ್ಲಿ ಅಲ್ಲಲ್ಲಿ ಇಣುಕುತ್ತಿದ್ದರೆ ಕ್ಷಮಿಸಿ.

ವಾಪಸ್ ಹೋದಾಗ ಏನು ಹೇಳಬೇಕು ಅನ್ನುವುದೂ ಮುಖ್ಯ. ಬರೀ "ನೋವು ಡಾಕ್ಟ್ರೇ" ಅಂದರೆ ಇನ್ನೊಂದು ಚೀಟಿ ಸಿಗುವ ಸಾಧ್ಯತೆಯೇ ಹೆಚ್ಚು. ಯಾವ ದಿನ ಕೀಳಿಸಿದ್ದು, ಯಾವ ದಿನ ನೋವು ಶುರುವಾಗಿದ್ದು, ಏನೇನು ಮಾತ್ರೆ ಎಷ್ಟು ದಿನ ತಗೊಂಡಿರಿ, ಇಷ್ಟನ್ನು ಬರೆದುಕೊಂಡು ಹೋಗಿ. ನೇರವಾಗಿ ಕೇಳಿ: ಒಳಗೆ ಕೀವು ಇದೆಯಾ? ಬೇರಿನ ಚೂರು ಉಳಿದಿದೆಯಾ ಅಂತ ಎಕ್ಸ್‌ರೇ ತೆಗೆದು ನೋಡುತ್ತೀರಾ? ಡ್ರೈ ಸಾಕೆಟ್ ಆಗಿದ್ದರೆ ಇವತ್ತೇ ಡ್ರೆಸ್ಸಿಂಗ್ ಹಾಕುತ್ತೀರಾ? ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಲ್ಲಿ ಕೇಳಿಸಿಕೊಳ್ಳದಿದ್ದರೆ ಡೆಂಟಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ಡೆಂಟಲ್ ಕಾಲೇಜಿದೆ. ದಾವಣಗೆರೆ, ಧಾರವಾಡ, ಬಳ್ಳಾರಿ, ಮಂಗಳೂರು, ಮಣಿಪಾಲದಲ್ಲೂ ಕಾಲೇಜುಗಳಿವೆ. ಕಾಯಬೇಕಾಗುತ್ತದೆ, ಅರ್ಧ ದಿನ ಹೋಗುತ್ತದೆ. ಆದರೆ ಕೀಳುವವರು, ವಸಡಿನವರು, ರೂಟ್ ಕೆನಾಲಿನವರು ಒಂದೇ ಸೂರಿನಡಿ ಸಿಗುತ್ತಾರೆ. ಖರ್ಚೂ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಹಳೆಯ ಎಕ್ಸ್‌ರೇ, ಚೀಟಿ ಎರಡನ್ನೂ ಕೇಳಿ ಪಡೆದು ಜೊತೆಗೆ ಒಯ್ಯಿರಿ. ಡ್ರೈ ಸಾಕೆಟ್ ಆಯಿತು ಅಂದಮಾತ್ರಕ್ಕೆ ಡಾಕ್ಟರು ತಪ್ಪು ಮಾಡಿದ್ದಾರೆ ಅಂತಲ್ಲ, ಎಚ್ಚರದಿಂದ ಕಿತ್ತರೂ ಆಗಬಹುದು. ನೋವು ಅಂತ ಹೋದರೂ ಬಾಯಿ ತೆರೆಸಿ ನೋಡದೆ ಕಳಿಸಿದರೆ ಆ ಮಾತು ಬೇರೆ. ಅಂಥ ನಿರ್ಲಕ್ಷ್ಯದಿಂದ ಹಾನಿಯಾಗಿದ್ದರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ಸಕ್ಕರೆ ಕಾಯಿಲೆ ಇರುವವರು ಇದನ್ನೆಲ್ಲ ಇನ್ನೂ ಬೇಗ ಮಾಡಬೇಕು. ಸಕ್ಕರೆ ಏರಿದ್ದರೆ ವಸಡು ಮಾಯುವುದು ನಿಧಾನ. ವಸಡಿನಲ್ಲಿ ಇನ್‌ಫೆಕ್ಷನ್ ಇದ್ದರೆ ಸಕ್ಕರೆ ಹಿಡಿತಕ್ಕೆ ಬರುವುದಿಲ್ಲ. ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷಕ್ಕೊಂದು ಝೋಲೆಡ್ರೊನಿಕ್ ಇಂಜೆಕ್ಷನ್ ತಗೊಳ್ಳುವ ಅಮ್ಮಂದಿರು ಮನೆಯಲ್ಲಿದ್ದರೆ ಹಲ್ಲು ಕೀಳಿಸುವ ಮೊದಲೇ ಹೇಳಬೇಕು. ಅಪರೂಪಕ್ಕೆ ದವಡೆ ಮೂಳೆ ಮಾಯದೆ ಸಾಯುವುದುಂಟು.

ಕಾಯಲೇಬಾರದ ಸ್ಥಿತಿ ಒಂದಿದೆ. ಗದ್ದದ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಊದುವುದು, ನಾಲಿಗೆ ಮೇಲಕ್ಕೆ ಎದ್ದ ಹಾಗಾಗುವುದು, ಜೊಲ್ಲು ನುಂಗಲಾಗದೆ ಸುರಿಯುವುದು, ಮಾತು ತೊದಲುವುದು, ಉಸಿರು ಕಟ್ಟುವುದು. 1836ರಲ್ಲಿ ಲುಡ್ವಿಗ್ ಎಂಬ ಜರ್ಮನ್ ವೈದ್ಯರು ಇದನ್ನು ವಿವರಿಸಿದ್ದರಿಂದ ಲುಡ್ವಿಗ್ಸ್ ಆಂಜೈನಾ ಅನ್ನುತ್ತಾರೆ. ಕೆಳಗಿನ ಹಿಂದಿನ ಹಲ್ಲುಗಳ ಬೇರಿನ ತುದಿ ಕತ್ತಿನ ಕಡೆಗೇ ಇರುವುದರಿಂದ ಕೀವು ಆ ದಾರಿ ಹಿಡಿಯುತ್ತದೆ. ಕ್ಲಿನಿಕ್ ಬೇಡ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ. ಕಣ್ಣಿನ ಸುತ್ತ ಊತ ಹಬ್ಬಿದರೂ ಅಷ್ಟೇ. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದಿದ್ದರೆ ಅದೇ ದಿನ ತೋರಿಸಿ.

ಡಾಕ್ಟರು ಸಿಗುವವರೆಗೆ ನೋವಿಗೆ ಏನು? ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇಲ್ಲದ, ಗರ್ಭಿಣಿಯಲ್ಲದ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳದ ದೊಡ್ಡವರಿಗೆ ಊಟ ಆದ ಮೇಲೆ ಐಬುಪ್ರೊಫೇನ್ 400 ಮತ್ತು ಪ್ಯಾರಾಸಿಟಮಾಲ್ 500 ಒಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಕಾಂಬಿಫ್ಲಾಮ್ ಒಳಗೆ ಇವೆರಡೂ ಇವೆ. ಡೋಲೋ ಕೂಡ ಪ್ಯಾರಾಸಿಟಮಾಲೇ, ಅದರ ಮೇಲೆ ಇದನ್ನೂ ನುಂಗಿದರೆ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಸೇರುತ್ತದೆ, ಲೆಕ್ಕ ಇಡಿ. ಡೆಂಗಿ ಅನುಮಾನ ಇದ್ದರೆ ಐಬುಪ್ರೊಫೇನ್ ಮುಟ್ಟಬೇಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೆಲ್ಲಗೆ ಬಾಯಲ್ಲಿ ಆಡಿಸಿ ಬಿಡಿ. ಕೀಳಿಸಿದ ಮೊದಲ ದಿನ ಮಾತ್ರ ಇದು ಬೇಡ, ಹೆಪ್ಪು ಕಿತ್ತು ಬರುತ್ತದೆ. ಸ್ಟ್ರಾ ಹಾಕಿ ಎಳೆಯುವುದೂ ಬೇಡ, ಎಳನೀರನ್ನು ಲೋಟಕ್ಕೆ ಬಗ್ಗಿಸಿಕೊಳ್ಳಿ. ಬೀಡಿ, ಗುಟ್ಕಾ, ಎಲೆ ಅಡಿಕೆ ನಿಲ್ಲಿಸಿ. ಮೊಸರನ್ನ, ಆರಿದ ಗಂಜಿ ಸಾಕು. ಮುದ್ದೆ ನುಂಗುವ ಕಡೆಯವರು ಈ ವಿಷಯದಲ್ಲಿ ಅದೃಷ್ಟವಂತರು, ಅಗಿಯುವ ಕೆಲಸವೇ ಇಲ್ಲ. ಬಿಸಿ ಬಿಸಿ ಮಾತ್ರ ಬೇಡ.

ಇವತ್ತು ಡ್ರೆಸ್ಸಿಂಗ್ ಹಾಕಿಸಿಕೊಂಡರೆ ರಾತ್ರಿ ನಿದ್ದೆ ಬರಬೇಕು. ಎರಡು ದಿನವಾದರೂ ನೋವು ಹಾಗೇ ಇದ್ದರೆ, ಅಥವಾ ಕೆನ್ನೆ ಊದಲು ಶುರುವಾದರೆ, ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಹೋಗಿ ಎಕ್ಸ್‌ರೇ ತೆಗೆಸಿ.