ಮೂರೆಲೆಯ ಗುರುತು ಬೇರಿನಲ್ಲಿದೆ

ಮೂರೆಲೆಯ ಮೇವಿನ ಗಿಡವಾದ ಕ್ಲೋವರಿನಲ್ಲಿ ಅಪರೂಪಕ್ಕೆ ಕಾಣುವ ನಾಲ್ಕೆಲೆಯದು ಸಿಕ್ಕವರಿಗೆ ಅದೃಷ್ಟ ಒಲಿಯುತ್ತದೆಂಬ ಐರೋಪ್ಯರ ನಂಬಿಕೆ ಈಗ ಮೊಬೈಲಿನ ಮೂಲಕ ನಮ್ಮಲ್ಲಿಗೂ ಬಂದಿದೆ. ಅದು ನಿಜವಾಗಿದ್ದರೆ ಗಂಗಾವತಿ, ಸಿರುಗುಪ್ಪ, ಸಿಂಧನೂರುಗಳ ಭತ್ತದ ರೈತರಷ್ಟು ಅದೃಷ್ಟವಂತರು ಎಲ್ಲಿಯೂ ಇರುತ್ತಿರಲಿಲ್ಲ. ಅವರ ಗದ್ದೆಗಳಲ್ಲಿ ಕಳೆಯಾಗಿ ಹಬ್ಬುವ ಮಾರ್ಸಿಲಿಯಾಕ್ಕೆ ಯಾವಾಗಲೂ ನಾಲ್ಕೇ ಎಲೆ. ಆದರೆ ಅದು ಹೂವನ್ನೇ ಬಿಡದ ಒಂದು ಜರಿಗಿಡ. ಅದರ ಎಳೆಯ ಎಲೆ ಸುರುಳಿ ಸುತ್ತಿಕೊಂಡಿರುವುದನ್ನು ನೋಡಿದರೆ ಸಾಕು, ಸಂದೇಹ ಉಳಿಯುವುದಿಲ್ಲ. ಹೂಕುಂಡದಲ್ಲಿ ತಾನಾಗಿ ಹುಟ್ಟುವ, ಹೃದಯದಾಕಾರದ ಮೂರೆಲೆಗಳ, ಹಳದಿ ಹೂವಿನ ಪುಲ್ಲಂಪುರಚಿಯೂ ಕ್ಲೋವರ್ ಅಲ್ಲ. ಅಗಿದರೆ ಹುಳಿಯೇ ಅದನ್ನು ತಿಳಿಸುತ್ತದೆ.

ನಿಜವಾದ ಬಿಳಿ ಕ್ಲೋವರ್ ಊಟಿಯಂತಹ ತಂಪು ನೆಲದ ಸಸ್ಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಅದನ್ನು ಬೆಳೆಸಲು ಹೊರಡುವುದು ಬೀಜಕ್ಕೂ ನೀರಿಗೂ ನಷ್ಟ. ನಮ್ಮ ಕಾಲುವೆಯ ದಂಡೆಗಳಿಗೆ, ದಾಳಿಂಬೆ ತೋಟದ ಸಾಲುಗಳಿಗೆ ಹೊಂದುವ ಕಾಡು ಮೂರೆಲೆಯೆಂದರೆ ಡೆಸ್ಮೋಡಿಯಂ ಟ್ರೈಫ್ಲೋರಂ. ಸಸ್ಯಶಾಸ್ತ್ರಜ್ಞರು ಈಚೆಗೆ ಇದಕ್ಕೆ ಗ್ರೋನಾ ಟ್ರೈಫ್ಲೋರಾ ಎಂಬ ಹೊಸ ಹೆಸರಿಟ್ಟಿದ್ದಾರೆ. ಇದು ಬಹುವಾರ್ಷಿಕ, ನೆಲಕ್ಕಂಟಿ ಹರಡುತ್ತ ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಎಲೆಗಳು ಒಂದು ಸೆಂಟಿಮೀಟರಿನ ಆಸುಪಾಸು, ತುದಿಯಲ್ಲಿ ಸಣ್ಣ ಕಚ್ಚು. ಹೂವು ಗುಲಾಬಿ ಅಥವಾ ನೇರಳೆ. ಕಾಯಿಯ ಒಂದು ಅಂಚು ನೇರ, ಇನ್ನೊಂದು ಅಂಚು ತುಂಡುತುಂಡಾಗಿ ಕಚ್ಚಿದಂತೆ. ಒಣಗಿದ ತುಂಡುಗಳು ಕುರಿಯ ಉಣ್ಣೆಗೂ ನಮ್ಮ ಬಟ್ಟೆಗೂ ಅಂಟಿಕೊಂಡು ಸಾಗುತ್ತವೆ.

ಇಷ್ಟಾದ ಮೇಲೂ ಗುರುತು ಖಚಿತವಾಗಲು ನಾನು ಒಂದು ಗಿಡವನ್ನು ಬೇರುಸಹಿತ ಅಗೆದು ನೋಡಿ ಎನ್ನುತ್ತೇನೆ. ದ್ವಿದಳ ಗಿಡಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆಂದು 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಗಂಟಿನ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದರು. ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದ್ದರೂ ಅದರ ಅಣುಬಂಧವನ್ನು ಮುರಿಯುವ, ಆ ಬ್ಯಾಕ್ಟೀರಿಯಾದ ನೈಟ್ರೋಜಿನೇಸ್ ಎಂಬ ಕಿಣ್ವವು ಆಮ್ಲಜನಕ ತಗುಲಿದರೆ ಹಾಳಾಗುತ್ತದೆ. ಅದೇ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟನ್ನು ಬಿಡಿಸುವುದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್: ತೂಬಿನಿಂದ ಹೊಲಗಾಲುವೆಗೆ ನೀರನ್ನು ಅಳೆದು ಬಿಡುವಂತೆ ಅದು ಆಮ್ಲಜನಕವನ್ನು ಹಿಡಿದು ಅಷ್ಟಷ್ಟೇ ಒದಗಿಸುತ್ತದೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕಾಣುವ ನಸುಗೆಂಪು ಇದರದೇ. ಹಸಿರು ಅಥವಾ ಕಂದು ಕಂಡರೆ ಆ ಗಂಟಿನ ಕೆಲಸ ಮುಗಿದಿದೆಯೆಂದೇ ಅರ್ಥ.

ಎಲ್ಲ ಗಿಡಕ್ಕೂ ಎಲ್ಲ ಬ್ಯಾಕ್ಟೀರಿಯಾ ಒಗ್ಗುವುದಿಲ್ಲ. ಬೇರು ಸ್ರವಿಸುವ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳಿಗೆ ತಕ್ಕ ಬ್ಯಾಕ್ಟೀರಿಯಾ ಮಾತ್ರ ತನ್ನ ರಾಸಾಯನಿಕ ಸಂಕೇತದಿಂದ ಓಗೊಡುತ್ತದೆ, ಆಗಲೇ ಬೇರುರೋಮ ಬಾಗಿ ಅದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಕ್ಲೋವರಿನ ಜೊತೆಗಾರನು ನಮ್ಮ ಮಣ್ಣಿಗೆ ಹೊರಗಿನವನು. ಡೆಸ್ಮೋಡಿಯಂಗೆ ಬೇಕಾದ ಬ್ರ್ಯಾಡಿರೈಜೋಬಿಯಂ ಗುಂಪು ತೊಗರಿ, ಶೇಂಗಾ, ಅಲಸಂದೆ, ಹೆಸರಿನ ಬೇರುಗಳಲ್ಲಿಯೂ ವಾಸಿಸುತ್ತದೆ. ತಲೆಮಾರುಗಳಿಂದ ತೊಗರಿ ಬೆಳೆದ ಹೊಲದಲ್ಲಿ ಇದಕ್ಕೆ ಪ್ರತ್ಯೇಕ ಜೀವಾಣು ಗೊಬ್ಬರ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಬೀಜದ ಸಿಪ್ಪೆ ನೀರನ್ನು ಒಳಬಿಡದಷ್ಟು ಗಟ್ಟಿಯಾದ್ದರಿಂದ ಬಿತ್ತುವ ಮೊದಲು ಮರಳು ಕಾಗದದ ನಡುವೆ ಹಗುರವಾಗಿ ಉಜ್ಜಬೇಕು. ಮುಂಗಾರು ನೆಲೆಗೊಂಡ ಮೇಲೆ ಮೇಲುಮೇಲೆ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿದರಾಯಿತು. ಬೇರು ಬಿಟ್ಟ ಬಳ್ಳಿಯನ್ನು ಅಂಗೈ ಅಗಲದ ಮಣ್ಣಿನ ಸಮೇತ ಕಿತ್ತು ನೆಡುವುದು ಇನ್ನೂ ಸುಲಭ. ಬ್ಯಾಕ್ಟೀರಿಯಾವೂ ಮಣ್ಣಿನೊಡನೆ ಬರುತ್ತದೆ. ಎರೆಯ ಕಪ್ಪು ಮಣ್ಣಿಗಿಂತ ನೀರು ಬಸಿಯುವ ಮಸಾರಿಯ ಕೆಂಪು ಮಣ್ಣಿನಲ್ಲಿ ಮೊದಲು ಪ್ರಯತ್ನಿಸುವುದು ಲೇಸು. ಕುರಿ ಮೇಯ್ದರೂ ಮತ್ತೆ ಚಿಗುರುತ್ತದೆ, ಆದರೆ ಎತ್ತರದ ಹುಲ್ಲು ಮೇಲೆದ್ದು ನೆರಳು ಮಾಡಿದರೆ ಸೊರಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವುಳು ಏರಿರುವ ಹೊಲಗಳಲ್ಲಂತೂ ಇದನ್ನು ನೆಡುವ ಮುನ್ನ ಬಸಿಗಾಲುವೆಯ ವ್ಯವಸ್ಥೆಯಾಗಬೇಕು, ಏಕೆಂದರೆ ಉಪ್ಪು ಹೆಚ್ಚಾದಂತೆ ಬೇರು ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ.